ಕೆಂಪೆದೆ ಗೊದ್ದದ ಮನೆ

ಡಿಸೆಂಬರ್ 9, 1984, ಭಾನುವಾರ

ಬೆಳಿಗ್ಗೆ ಮೈನಸ್ ಎರಡು. ಮೂರನೇ ಸಾಲು ಮುಗಿಯಿತು. ಕಣಜದ ಮೊಟ್ಟೆಯಿರುವ ಮೊಗ್ಗು ಇವತ್ತು ಐದು. ಒಟ್ಟು ಮೂವತ್ತೆರಡು ಕೊಂಬೆ. ನಲವತ್ತಾಗಬೇಕು. ಆಗುತ್ತದೆ. ಈ ಹಿಪ್ಪುನೇರಳೆಯಲ್ಲಿ ನನ್ನ ಕಣ್ಣು ತಪ್ಪಿಸಿ ಮೊಟ್ಟೆಯಿಟ್ಟು ಹೋದ ಕಣಜ ಹನ್ನೊಂದು ವರ್ಷದಲ್ಲಿ ಒಂದೂ ಇಲ್ಲ.

ಗುರುತಿನ ಹಳದಿ ಟೇಪು ಮುಗಿದುಹೋಯಿತು. ಅದಕ್ಕಾಗಿ ಚಿಚಿಬು ಪೇಟೆಗೆ ಬಸ್ಸು ಹತ್ತಲು ಪುರುಸೊತ್ತಿಲ್ಲ. ಹಳೆಯ ಸ್ವೆಟರ್ ಒಂದನ್ನು ಬಿಚ್ಚಿ ಅದರ ಕೆಂಪು ಉಲ್ಲನ್ ಕಟ್ಟಿದೆ. ದೂರದಿಂದಲೂ ಎದ್ದು ಕಾಣುತ್ತದೆ. ಹಾಗಾದರೆ ಎಲ್ಲವೂ ಒಂದೇ ಥರ ಇರಲಿ ಎಂದು ಹಳದಿ ಕಟ್ಟಿದ್ದನ್ನೂ ಬಿಚ್ಚಿ ಕೆಂಪೇ ಕಟ್ಟಿದೆ. ಮೂವತ್ತೊಂದು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಅಚ್ಚುಕಟ್ಟು ಬಿಡುವುದಿಲ್ಲ.

ಶಿಮೋ ಅಜ್ಜಿ ಥರ್ಮಾಸಿನಲ್ಲಿ ಟೀ ತಂದರು. ಎಂಬತ್ಮೂರು ವರ್ಷ. ಈ ಅರವತ್ತು ಮರ ಅವರ ಮಾವ ನೆಟ್ಟದ್ದು. ಜಾಗ ಮಾತ್ರ ಊರಿನದು.

"ಟೀಚರಮ್ಮ, ಇನ್ನೂ ಮೊಗ್ಗು ಮೂಸ್ತಾ ಇದೀಯಾ?"

"ಮೂಸ್ತಾ ಇಲ್ಲ ಅಜ್ಜಿ, ಎಣಿಸ್ತಾ ಇದೀನಿ. ಒಂದೊಂದು ಮೊಗ್ಗಲ್ಲೂ ಐನೂರು ಮೊಟ್ಟೆ."

"ಐನೂರು! ಅಷ್ಟು ಜನಕ್ಕೆ ಊರಸಭೇಲಿ ವೋಟು ಇದ್ದಿದ್ರೆ ನನ್ನ ತೋಟಕ್ಕೆ ಯಾರೂ ಕೈ ಹಾಕ್ತಿರಲಿಲ್ಲ ಬಿಡು."

ಡಿಸೆಂಬರ್ 16, ಭಾನುವಾರ

ಊರಸಭೆ. ಗೆದ್ದೆ. ಅರ್ಧ ಗೆದ್ದೆ.

ಹಿಪ್ಪುನೇರಳೆ ಕಿತ್ತು ಅಲ್ಲಿ ಗೇಟ್‌ಬಾಲ್ ಅಂಗಳ ಮಾಡಬೇಕಂತೆ, ವಯಸ್ಸಾದವರು ಮರದ ಸುತ್ತಿಗೆಯಲ್ಲಿ ಚೆಂಡು ಹೊಡೆಯುವ ಆಟಕ್ಕೆ. ಪಕ್ಕದ ಕಣಿವೆಯವರು ಮಾಡಿಕೊಂಡಿದ್ದಾರೆ, ನಮಗೇನು ಕಡಿಮೆ? ಕುರಾ ಎಲ್ಲರಿಗಿಂತ ಜೋರು. ಎದುರು ಮನೆಯವಳು, ನನಗಿಂತ ಆರು ವರ್ಷ ದೊಡ್ಡವಳು, ಊರಿನ ಗೇಟ್‌ಬಾಲ್ ತಂಡದ ನಾಯಕಿ. ತನ್ನ ಸ್ವಂತ ಹಿಪ್ಪುನೇರಳೆಯನ್ನು ಈ ಶರತ್ಕಾಲದಲ್ಲಷ್ಟೇ ಕೀಳಿಸಿದ್ದಾಳೆ.

"ಟೀಚರಮ್ಮ, ನಿನ್ನ ಹುಳಕ್ಕೆ ಗೇಟ್‌ಬಾಲ್ ಬರುತ್ತಾ?"

"ಕಲಿಸಿದ್ರೆ ನಿನಗಿಂತ ಚೆನ್ನಾಗಿ ಆಡುತ್ತೆ ಕುರಾ ಅಕ್ಕ."

ಎಲ್ಲರೂ ನಕ್ಕರು, ನಮ್ಮ ಮನೆಯವರನ್ನು ಬಿಟ್ಟು. ಇವರು ಈ ವರ್ಷ ಊರಸಭೆಯ ಅಧ್ಯಕ್ಷರು. ಹೆಂಡತಿ ಮಾತಾಡುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಬಾರದು ಎಂದು ನಿರ್ಧರಿಸಿಕೊಂಡಂತಿದೆ.

ಕೊನೆಗೆ ತೀರ್ಮಾನ ಹೀಗಾಯಿತು. ತೋಟದ ಕಣಜ ಬೇರೆಲ್ಲೂ ಇಲ್ಲದ ಪ್ರತ್ಯೇಕ ಜಾತಿ ಎಂದು ವಿಶ್ವವಿದ್ಯಾಲಯದ ಮೊರೊಹಾಶಿ ಸರ್ ಬರೆದುಕೊಟ್ಟರೆ ಮರಗಳು ಉಳಿಯುತ್ತವೆ. ಇಲ್ಲದಿದ್ದರೆ ಬುಲ್ಡೋಜರ್. ಜೂನ್ 23ರವರೆಗೆ ಗಡುವು.

ಆರು ತಿಂಗಳು ಬೇಕಾದಷ್ಟಾಯಿತು. ನನಗೆ ಉತ್ತರ ಗೊತ್ತು, ತೋರಿಸುವುದಷ್ಟೇ ಬಾಕಿ.

ಡಿಸೆಂಬರ್ 20

ಶಿಮೋ ಅಜ್ಜಿ ಕೇಳಿದರು, "ಬೇರೆ ಜಾತಿ ಅಂತೀಯಲ್ಲ, ಬೇರೆ ಹೇಗಾಯ್ತು?" ಕೊತಾತ್ಸುವಿನ, ಅಂದರೆ ಕಂಬಳಿ ಹೊದಿಸಿದ ಮೇಜಿನಡಿಯ, ಬಿಸಿಯಲ್ಲಿ ಕಾಲು ತೂರಿಸಿಕೊಂಡು ಒಂದು ಗಂಟೆ ವಿವರಿಸಿದೆ. ಬರೆದಿಡುತ್ತೇನೆ, ಸಭೆಯಲ್ಲಿ ಹೀಗೆಯೇ ಹೇಳಬೇಕು.

ಕಣಜದ ತಾಯಿ ಆಗಸ್ಟಿನಲ್ಲಿ ಮೊಗ್ಗಿನೊಳಗೆ ಮೊಟ್ಟೆಯಿಟ್ಟು ಸಾಯುತ್ತದೆ. ಚಳಿಗಾಲ ಕಳೆದು ಬೆಚ್ಚಗಾದಾಗ ಮರಿ ಹೊರಬರುತ್ತದೆ. ಧೂಳಿನ ಕಣದಷ್ಟು. ನಾನು ಅದಕ್ಕೆ ಸವಾರ ಎನ್ನುತ್ತೇನೆ. ಕೊಂಬೆ ಹತ್ತಿಬಂದ ಇರುವೆಯ ಮೈಗೆ ಹಾರಿ ಕೂತು ಅದರ ಗೂಡಿಗೆ ಹೋಗುತ್ತದೆ. ಅಲ್ಲಿ ಇರುವೆಯ ಮರಿಯೊಂದಕ್ಕೆ ಅಂಟಿಕೊಂಡು, ಅದನ್ನೇ ತಿಂದು ಕಣಜವಾಗುತ್ತದೆ. ಇರುವೆಗಳು ಅದನ್ನು ಕೊಲ್ಲುವುದಿಲ್ಲ. ಅಷ್ಟರಲ್ಲಿ ಅದಕ್ಕೂ ಆ ಮನೆಯದೇ ವಾಸನೆ ಬಂದಿರುತ್ತದೆ. ತಮ್ಮ ಮಗುವೆಂದೇ ನೆಕ್ಕಿ ಸವರಿ ಬಾಗಿಲವರೆಗೆ ಕಳಿಸಿಕೊಡುತ್ತವೆ.

"ನೀನೂ ಹಾಗೇ ಬಂದೋಳಲ್ವಾ ಈ ಊರಿಗೆ" ಎಂದರು ಅಜ್ಜಿ. ಕಣಿವೆಯಾಚೆಯಿಂದ ಮದುವೆಯಾಗಿ ಬಂದವಳೆಂಬುದನ್ನು ಅವರಿನ್ನೂ ಮರೆತಿಲ್ಲ.

ವಿಷಯ ಇಲ್ಲಿದೆ. ತೋಟದ ಕಣಜ ಬೆಳೆಯುವುದು ನೆಲದಲ್ಲಿ ಗೂಡು ಮಾಡುವ ಕರಿ ಗೊದ್ದದ ಮನೆಯಲ್ಲಿ. ಮೇಲೆ ಗುಡ್ಡದಲ್ಲಿ ಚೆಸ್ಟ್‌ನಟ್ ಮರಗಳ ಮೊಗ್ಗಿನಲ್ಲೂ ಇಂಥದೇ ಕಣಜ ಮೊಟ್ಟೆಯಿಡುತ್ತದೆ. ಅದು ಬೆಳೆಯುವುದು ಮರದ ದಿಮ್ಮಿಯೊಳಗಿನ ಕೆಂಪೆದೆ ಗೊದ್ದದ ಮನೆಯಲ್ಲಿ. ಒಂದಾನೊಂದು ಕಾಲಕ್ಕೆ ಕಣಜ ಒಂದೇ. ಎರಡು ಇರುವೆಗಳ ಹಿಂದೆ ಎರಡು ದಾರಿ ಹಿಡಿದು, ಲಕ್ಷ ವರ್ಷದಲ್ಲಿ ಎರಡಾಗಿವೆ. ಹನ್ನೊಂದು ವರ್ಷ ನೆಲ ಅಗೆದಿದ್ದೇನೆ, ದಿಮ್ಮಿ ಸೀಳಿದ್ದೇನೆ. ತೋಟದ ಹತ್ತಿರದ ಕೆಂಪೆದೆ ಗೂಡಲ್ಲಾಗಲಿ, ಗುಡ್ಡದ ಕರಿ ಗೊದ್ದದ ಗೂಡಲ್ಲಾಗಲಿ ಕಣಜ ಒಮ್ಮೆಯೂ ಕಂಡಿಲ್ಲ.

ಆದರೆ ಮೈಕಟ್ಟಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಅದಕ್ಕೇ ಮೊರೊಹಾಶಿ ಸರ್ ಹಟ: "ತೋಟದ ಸವಾರ ಕೆಂಪೆದೆಯ ಮನೇಲಿ ಬದುಕೋದಿಲ್ಲ ಅಂತ ಸಾಕಿ ತೋರಿಸಿ. ಒಂದೇ ಒಂದು ಹೆಣ್ಣು ಬದುಕಿ ಹೊರಬಂದ್ರೂ ನಾನು ಸಹಿ ಹಾಕೋಲ್ಲ." ಸರಿಯಾದ ಹಟವೇ. ನಲವತ್ತು ಕೊಂಬೆ ಅದಕ್ಕಾಗಿಯೇ.

ಜನವರಿ 6, ಭಾನುವಾರ

ಮಹಿಳಾ ಮಂಡಳಿ. ಟೀ ಹಂಚುವ ಸರದಿ ನನ್ನದು. ಗೂಡುಂಡೆ ಹಬ್ಬದ ಮಾತು. ಅಕ್ಕಿಹಿಟ್ಟಿನ ಉಂಡೆಗಳನ್ನು ರೇಷ್ಮೆಗೂಡಿನ ಆಕಾರಕ್ಕೆ ಹಿಸುಕಿ ಹಿಪ್ಪುನೇರಳೆ ಕೊಂಬೆಗೆ ಚುಚ್ಚಿ ದೇವರ ಮುಂದೆ ನಿಲ್ಲಿಸುವುದು. ರೇಷ್ಮೆಹುಳ ಸಾಕುವ ಮನೆ ಈಗ ಊರಲ್ಲಿ ಎರಡೇ, ಉಂಡೆ ಮಾಡುವ ಮನೆ ಹತ್ತೊಂಬತ್ತೂ. ಇಷ್ಟು ವರ್ಷ ಕೊಂಬೆ ಕುರಾಳ ತೋಟದಿಂದ ಬರುತ್ತಿತ್ತು. ಈ ಸಲ ಶಿಮೋ ಅಜ್ಜಿ ಕೊಡುತ್ತಾರಂತೆ. ಅಜ್ಜಿ ಏನೇನೋ ಸೂಚನೆ ಹೇಳಿದರು. ಎಲ್ಲರೊಂದಿಗೆ ನಾನೂ ತಲೆಯಾಡಿಸಿದೆ. ತಲೆಯಲ್ಲಿದ್ದದ್ದು ಮಾತ್ರ ಕೆಂಪೆದೆಯ ಗೂಡನ್ನು ಮನೆಯೊಳಗೆ ಸಾಕುವುದು ಹೇಗೆಂಬ ಯೋಚನೆ.

ನಲವತ್ತನೇ ಕೊಂಬೆ ನಿನ್ನೆ ಸಿಕ್ಕಿತು.

ಜನವರಿ 13, ಭಾನುವಾರ, ಬೆಳಿಗ್ಗೆ 10

ನಲವತ್ತೂ ಇಲ್ಲ.

ನಲವತ್ತು ಮೊಂಡುಗಳಿವೆ. ಓರೆಯಾಗಿ, ಒಳ್ಳೆಯ ಕತ್ತರಿಯಿಂದ, ಕೈಯಳತೆ ಬಿಟ್ಟು ಕತ್ತರಿಸಿದ್ದಾರೆ. ಕೆಂಪು ಉಲ್ಲನ್ನಿನ ಎರಡು ತುಣುಕು ಹಿಮದ ಮೇಲೆ ಬಿದ್ದಿದ್ದವು.

ಅದೇ ದಿನ, ಮಧ್ಯಾಹ್ನ

ಗೊತ್ತಾಯಿತು. ಕುರಾಳೇ ಹೇಳಿದಳು, ಬಾಗಿಲಲ್ಲಿ ನಿಂತು, ಕೈತುಂಬ ಹಿಟ್ಟು.

"ಅಯ್ಯೋ, ಸಭೇಲಿ ನೀನೂ ಇದ್ದೆಯಲ್ಲೇ! 'ನಾನು ಕೆಂಪು ಕಟ್ಟಿದ ಕೊಂಬೆ ಮಾತ್ರ ಕತ್ತರಿಸಿ' ಅಂತ ಅಜ್ಜಿ ಎರಡು ಸಲ ಹೇಳಿದ್ರು. ನೀನು ಟೀ ಹಾಕ್ತಾ ಹೂಂ ಅಂದೆ. ಹೋಗಿ ನೋಡಿದ್ರೆ ಐವತ್ತು ಕೊಂಬೆಗೆ ಕೆಂಪು! ಈ ಸಲ ಅಜ್ಜಿ ಎಷ್ಟು ಧಾರಾಳ ಅಂತ ಮಾತಾಡ್ಕೊಂಡ್ವಿ. ಮೊಗ್ಗೂ ಎಷ್ಟು ದಪ್ಪ ಅಂತೀಯಾ!"

ಅಜ್ಜಿ ಕಟ್ಟಿದ್ದು ಹತ್ತಕ್ಕೆ, ಹಳೆಯ ಕೆಂಪು ಬಟ್ಟೆಯ ಚೂರು. ಉಳಿದ ನಲವತ್ತು ನನ್ನವು. ಮೂವತ್ಮೂರು ವರ್ಷದಿಂದ ಈ ಊರಿನ ಸೊಸೆ. ಹಬ್ಬದ ಕೊಂಬೆಗೆ ಕೆಂಪು ಕಟ್ಟುವುದು ಊರಿನ ಮಗುವಿಗೂ ಗೊತ್ತು. ನನಗೂ ಗೊತ್ತು! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂದಿದೆ.

ಕೊಂಬೆಗಳು ಈಗ ಹತ್ತೊಂಬತ್ತು ಮನೆಯ ದೇವರ ಮುಂದಿವೆ, ಮೈತುಂಬ ಉಂಡೆ ಹೊತ್ತು. ಹದಿನೈದರ ಬೆಳಿಗ್ಗೆ ಹೊಳೆದಂಡೆಯ ಬೆಂಕಿಗೆ ಹೋಗುತ್ತವೆ. ಅದಕ್ಕೆ ಮುಂಚೆ ಕೊಂಬೆ ಮುರಿದರೆ ಆ ವರ್ಷದ ಬೆಳೆಯನ್ನೇ ಮುರಿದಂತೆ. ಎರಡು ಮನೆಯಲ್ಲಿ "ಟೀಚರಮ್ಮ, ಬೇರೆ ಏನಾದ್ರೂ ಕೇಳಿ" ಎಂದು ಕೈಮುಗಿದರು. ಇವರು ಪತ್ರಿಕೆಯಿಂದ ತಲೆಯೆತ್ತದೆ, "ಅಧ್ಯಕ್ಷನ ಹೆಂಡತಿ ಅಂತ ಮನೆಮನೆಗೆ ನುಗ್ಗಬೇಡ" ಎಂದರು. ನಾಳೆ ನುಗ್ಗುತ್ತೇನೆ.

ಜನವರಿ 14, ಸೋಮವಾರ

ಶಿಮೋ ಅಜ್ಜಿ ಬೆಳಿಗ್ಗೆ ಏಳಕ್ಕೇ ಬಂದರು. ಬೆನ್ನ ಮೇಲೆ ಹಸಿ ಕೊಂಬೆಗಳ ಹೊರೆ.

"ಕೊಂಬೆ ಕೊಟ್ಟೋಳು ನಾನು. ಬದಲಾಯಿಸಿಕೊಡೋಳೂ ನಾನೇ. ಕೊಂಬೆ ಮುರಿದ್ರೆ ತಾನೆ ಪಾಪ? ಮುರಿಯೋದು ಬೇಡ, ಒಂದರಿಂದ ಒಂದಕ್ಕೆ ದಾಟಿಸೋಣ. ದೇವರಿಗೆ ಉಂಡೆ ಎಣಿಸೋಕೆ ಬರುತ್ತೆ, ಕೊಂಬೆ ಗುರುತು ಸಿಗೋಲ್ಲ."

ಹೀಗೆ ಇಡೀ ದಿನ ಮನೆಮನೆ ತಿರುಗಿದೆವು. ಹಳೆಯ ಕೊಂಬೆಯಿಂದ ಹೊಸ ಕೊಂಬೆಗೆ ಉಂಡೆ ದಾಟಿಸುವುದು. ಬಿರುಕು ಬಿಟ್ಟದ್ದು ನಮ್ಮ ಹೊಟ್ಟೆಗೆ. ಅಜ್ಜಿ ಹದಿನಾಲ್ಕು ತಿಂದರು, ನಾನು ಒಂಬತ್ತು. ಯಾರೂ ಬೇಡವೆನ್ನಲಿಲ್ಲ. ಅಜ್ಜಿ ಹೊಸಿಲು ದಾಟಿದ ಮೇಲೆ ಯಾರು ತಾನೆ ಅನ್ನುತ್ತಾರೆ? ಮೂವತ್ತೇಳು ಕೊಂಬೆ ವಾಪಸ್ಸು. ತಣ್ಣಗಿನ ಕೊಟ್ಟಿಗೆಯಲ್ಲಿಟ್ಟಿದ್ದೇನೆ.

ಉಳಿದ ಮೂರು ಕುರಾಳ ಮನೆಯಲ್ಲಿವೆ. ಅವಳು ಮಾತ್ರ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಉಂಡೆ ಮುಟ್ಟೀರಿ ಜೋಕೆ. ನಾಳೆ ಬೆಂಕಿ ಹತ್ರ ಬಾ, ಉಂಡೆ ಸುಟ್ಟ್ಕೊಂಡು ಕೊಂಬೆ ನಿನ್ನ ಕೈಗೇ ಕೊಡ್ತೀನಿ."

ಜನವರಿ 16, ಬುಧವಾರ

ಕುರಾ ಮಾತಿಗೆ ತಪ್ಪಲಿಲ್ಲ. ನಿನ್ನೆ ಮೂರನ್ನೂ ಕೊಟ್ಟಳು, ತುದಿ ಸ್ವಲ್ಪ ಕರಕಲಾಗಿತ್ತು. ಜೊತೆಗೆ ಬೈಗುಳವನ್ನೂ ಕೊಟ್ಟಳು.

"ನಿನ್ನ ದರಿದ್ರ ಕೊಂಬೆಯಿಂದ ಮನೇಲೆಲ್ಲ ಇರುವೆ! ಜನವರೀಲಿ ಯಾರ ಮನೇಲಾದ್ರೂ ಇರುವೆ ಇರುತ್ತಾ?"

ಓಡಿಹೋಗಿ ನೋಡಿದೆ. ಕೊಂಬೆಗಳನ್ನು ನಿಲ್ಲಿಸಿದ್ದು ಸೌದೆ ಒಲೆಯ ಮಗ್ಗುಲಲ್ಲಿ. ಪಕ್ಕದಲ್ಲೇ ಎರಡು ವರ್ಷದಿಂದ ಒಣಗಿದ ಚೆಸ್ಟ್‌ನಟ್ ದಿಮ್ಮಿ. ಅದರೊಳಗೆ ನಿದ್ದೆಯಲ್ಲಿದ್ದ ಕೆಂಪೆದೆಗಳು ಒಲೆಯ ಶಾಖಕ್ಕೆ ವಸಂತ ಬಂತೆಂದು ಎದ್ದು, ಗೋಡೆಗುಂಟ ಕೊಂಬೆ ಹತ್ತಿವೆ. ಮೊಗ್ಗೂ ಅದೇ ಶಾಖಕ್ಕೆ ಬಾಯಿ ಬಿಟ್ಟಿತ್ತು. ಲೆನ್ಸ್ ಹಿಡಿದು ನೋಡಿದರೆ... ಇರುವೆಯ ಕೊರಳ ಮೇಲೆ ಸವಾರ! ತೋಟದ ಸವಾರ, ಕೆಂಪೆದೆಯ ಕೊರಳ ಮೇಲೆ!

ನಾನು ಮೇ ತಿಂಗಳಲ್ಲಿ ಕಷ್ಟಪಟ್ಟು ಮಾಡಬೇಕೆಂದಿದ್ದ ಪ್ರಯೋಗವನ್ನು ಕುರಾ ಉಂಡೆ ಸುಡುತ್ತ ಮಾಡಿಬಿಟ್ಟಿದ್ದಾಳೆ. ದಿಮ್ಮಿಯನ್ನು ಹೊತ್ತು ತಂದೆ. ಹಿಂದಿನಿಂದ ಕುರಾ ಕೂಗಿದಳು, "ಸೌದೆ ವಾಪಸ್ ಕೊಡು!" ಕೊಡುತ್ತೇನೆ, ಹತ್ತು ಹೊರೆ ಕೊಡುತ್ತೇನೆ.

ಜನವರಿ 20, ಭಾನುವಾರ

ದಿಮ್ಮಿ ಸೀಳಿದೆ. ರಾಣಿ ಒಂದು, ಕೆಲಸಗಾರ ಇರುವೆ ಅರವತ್ತರ ಸುಮಾರು, ಮರಿಗಳು ನೂರ ಹನ್ನೆರಡು. ಎಲ್ಲವನ್ನೂ ಗಾಜಿನ ಮುಚ್ಚಳದ ಜಿಪ್ಸಮ್ ಪೆಟ್ಟಿಗೆಗೆ ದಾಟಿಸಿದೆ. ನೂರ ಹನ್ನೆರಡನ್ನೂ ಒಂದೊಂದಾಗಿ ಲೆನ್ಸಿನಲ್ಲಿ ನೋಡಿದೆ. ಏಳು ಮರಿಗಳ ಮೇಲೆ ಸವಾರ, ಉಳಿದವು ಸ್ವಚ್ಛ. ಏಳರದ್ದೂ ಚಿತ್ರ ಬರೆದೆ. ಸವಾರರು ಮೊದಲೇ ದಿಮ್ಮಿಯಲ್ಲಿದ್ದರೇನೋ ಎಂದು ನಾಳೆ ಯಾರಾದರೂ ಅಂದರೆ ಬಾಯಿ ಮುಚ್ಚಿಸಬೇಕಲ್ಲ. ಗುಡ್ಡದ ಸವಾರರು ಗೂಡು ಸೇರುವುದು ಮೇ ತಿಂಗಳಲ್ಲಿ, ಆಗಸ್ಟಿಗೆ ಕಣಜವಾಗಿ ಹೋಗಿಯೇ ಬಿಡುತ್ತಾರೆ. ಜನವರಿಯಲ್ಲಿ ಗೂಡಿನೊಳಗೆ ಇರುವ ಮಾತೇ ಇಲ್ಲ. ಎಲ್ಲ ಬಾಗಿಲೂ ಭದ್ರ.

ಮೊರೊಹಾಶಿ ಸರ್‌ಗೆ ಪತ್ರ ಹಾಕಿದೆ. "ಏಳೂ ಸಾಯುತ್ತವೆ. ಜೂನ್‌ನಲ್ಲಿ ಖಾಲಿ ಪೆಟ್ಟಿಗೆಯ ಫೋಟೋ ಕಳಿಸುತ್ತೇನೆ. ಪೆನ್ನು ತೆಗೆದಿಟ್ಟುಕೊಳ್ಳಿ."

ಮಾರ್ಚ್ 21, ಗುರುವಾರ

ಕೆಂಪೆದೆ ಪೆಟ್ಟಿಗೆ: ಎರಡು ಸವಾರ ಒಣಗಿ ಉದುರಿವೆ. ಐದು ಉಳಿದಿವೆ. ಇವರನ್ನು ಕರೆದು ತೋರಿಸಿದೆ. "ಸತ್ತವನ್ನೂ ತೋರಿಸ್ತೀಯಾ?" ಎಂದರು. ಸತ್ತದ್ದೇ ಮುಖ್ಯ ಎಂದೆ.

ಏಪ್ರಿಲ್ 28, ಭಾನುವಾರ

ಇನ್ನೆರಡು ಹೋದವು. ಒಟ್ಟು ನಾಲ್ಕು. ಮೂರು ಇವೆ, ಬೆಳವಣಿಗೆಯೇ ಇಲ್ಲ. ದಿನ ಎಣಿಸುತ್ತಿವೆ ಪಾಪ.

ಕೊಟ್ಟಿಗೆಯ ಮೂವತ್ತೇಳು ಕೊಂಬೆ ಹೊರಗಿಟ್ಟೆ. ಸವಾರರು ಬಂದರು. ಕರಿ ಗೊದ್ದದ ಆರು ಪೆಟ್ಟಿಗೆಗೆ ಬಿಟ್ಟಿದ್ದೇನೆ. ಕೆಂಪೆದೆಯ ಇನ್ನೊಂದು ಗೂಡು ಹುಡುಕುವ ಅಗತ್ಯವೇ ಇಲ್ಲ, ಇರುವುದೇ ಸಾಕು. ತೋಟದಲ್ಲಿ ಹೊಸ ಎಲೆ. ಶಿಮೋ ಅಜ್ಜಿ ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಬುಡ ಕೆದಕುತ್ತಿದ್ದರು. "ಮುಂದಿನ ವರ್ಷಕ್ಕೂ ಗೊಬ್ಬರ ಹಾಕ್ಲಾ ಟೀಚರಮ್ಮ?"

"ಹತ್ತು ವರ್ಷಕ್ಕೆ ಹಾಕಿ ಅಜ್ಜಿ" ಎಂದೆ. ಹಾಗೆಯೇ ಅಂದೆ.

ಜೂನ್ 11, ಮಂಗಳವಾರ

ಆರು ವಾರ ಏನೂ ಬರೆದಿಲ್ಲ.

ಕೆಂಪೆದೆ ಪೆಟ್ಟಿಗೆಯಲ್ಲಿ ಇರುವೆಯದಲ್ಲದ ಮೂರು ಕೋಶಗಳಿವೆ. ಕಪ್ಪಾಗುತ್ತಿವೆ. ಬೆನ್ನ ಮೇಲೆ ನನ್ನ ಕಣಜದ ಗುರುತಾದ ಕವಲು ಮುಳ್ಳಿನ ಆಕಾರ ಕಾಣುತ್ತದೆ. ಎರಡು ವಾರದ ಹಿಂದೆಯೇ ಕಂಡಿತ್ತು. ಬರೆದರೆ ನಿಜವಾಗುತ್ತದೆ ಎಂದು ಬರೆದಿರಲಿಲ್ಲ. ಐವತ್ತೆಂಟು ವರ್ಷದ ವಿಜ್ಞಾನದ ಟೀಚರ್!

ಕೋಶದಲ್ಲೇ ಸಾಯಬಹುದು. ಸಾಯುತ್ತವೆ.

ಜೂನ್ 16, ಭಾನುವಾರ, ಬೆಳಿಗ್ಗೆ 6.20

ಒಂದು ಹೊರಬಂತು. ಹೆಣ್ಣು. ಗಾತ್ರ ಸ್ವಲ್ಪ ಸಣ್ಣದು, ಉಳಿದಂತೆ ಒಂದು ಕೂದಲೂ ಕೊಂಕಿಲ್ಲ. ರೆಕ್ಕೆ ನೆಟ್ಟಗಿದೆ. ಮೂರು ಕೆಂಪೆದೆಗಳು ಸುತ್ತ ಕೂತು ನೆಕ್ಕುತ್ತಿವೆ. ಒಂದು ಅದರ ಕಾಲು ಹಿಡಿದು ಒದ್ದೆ ಜಾಗದಿಂದ ಒಣ ಜಾಗಕ್ಕೆ ಎಳೆದುಕೊಂಡು ಹೋಯಿತು. ತನ್ನ ಮಗುವೆಂದೇ.

ಎಷ್ಟು ಚೆನ್ನಾಗಿತ್ತೆಂದರೆ ಹತ್ತು ನಿಮಿಷ ಎಲ್ಲ ಮರೆತೆ. ಆಮೇಲೆ ನೆನಪಾಯಿತು.

ಜನವರಿಯಲ್ಲಿ ಎಲ್ಲ ಬಾಗಿಲೂ ನಾನೇ ಮುಚ್ಚಿದ್ದೆ. ಏಳರ ಚಿತ್ರ, ನೂರ ಹನ್ನೆರಡರ ಲೆಕ್ಕ. ಈಗ ನುಸುಳಲು ನನಗೇ ಕಿಂಡಿಯಿಲ್ಲ. ನನ್ನ ಅಚ್ಚುಕಟ್ಟೇ ನನಗೆ ಮುಳುವಾಯಿತು.

ಜೂನ್ 17, ಸೋಮವಾರ

ಮೊರೊಹಾಶಿ ಸರ್ ಫೋನ್ ಮಾಡಿದ್ದರು. ಉತ್ಸಾಹದ ದನಿ. "ಪ್ರಮಾಣಪತ್ರ ಟೈಪ್ ಮಾಡಿಸಿಟ್ಟಿದೀನಿ. ನಿಮ್ಮ ಫಲಿತಾಂಶ ಒಂದು ಸಾಲು ಬರೆದು ಕಳಿಸಿ ಸಾಕು, ಫೋಟೋ ನಿಧಾನಕ್ಕೆ ಬರಲಿ. ಏನಾಯ್ತು ಪೆಟ್ಟಿಗೆ?"

"ಬಹುಪಾಲು ಸತ್ತವು ಸರ್" ಎಂದೆ.

ಸುಳ್ಳಲ್ಲ. ಏಳರಲ್ಲಿ ನಾಲ್ಕು ಬಹುಪಾಲೇ. ಅದೇ ಕಷ್ಟ. ಸುಳ್ಳಾಗಿದ್ದರೆ ನಾಲಿಗೆ ತೊದಲುತ್ತಿತ್ತು, ಸಿಕ್ಕಿಬೀಳುತ್ತಿದ್ದೆ. ಇದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಾಯಿಂದ ಬಂತು.

"ಒಳ್ಳೇದು, ಬರೆದು ಕಳಿಸಿ" ಎಂದರು.

ಪತ್ರ ಬರೆದೆ. ಬಹುಪಾಲು ಎಂದು ಬರೆದೆ. ಹರಿದೆ. ಮತ್ತೆ ಬರೆದೆ.

ಜೂನ್ 18, ಮಂಗಳವಾರ

ಶಿಮೋ ಅಜ್ಜಿಗೆ ಹೇಳಿದೆ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಒಂದೇನಾ ಬದುಕಿದ್ದು?"

"ಮೂರು ಅಜ್ಜಿ. ಇನ್ನೆರಡೂ ಇವತ್ತು ಬಂದವು."

"ಯಾರಿಗಾದ್ರೂ ಗೊತ್ತಾ?"

"ಇಲ್ಲ."

"ಹಾಗಾದ್ರೆ ಬಂದಿಲ್ಲ." ಇನ್ನೂ ನಾಲ್ಕು ಕಾಯಿ ಬಿಡಿಸಿದರು. "ನಾಲ್ಕು ಸತ್ತವಲ್ಲ, ಅದನ್ನ ಹೇಳು. ಸತ್ತದ್ದು ನಿಜ ತಾನೆ? ನಾನೇನು ಸುಳ್ಳು ಹೇಳು ಅಂತಿಲ್ಲ."

"ಆಗೋಲ್ಲ ಅಜ್ಜಿ."

"ಮೂರು ನುಸಿ. ಮೂರು ನುಸಿಗಾಗಿ ಅರವತ್ತು ಮರ. ಹಬ್ಬದ ದಿನ ಬೆನ್ನ ಮೇಲೆ ಹೊರೆ ಹೊತ್ತು ನಿನ್ನ ಹಿಂದೆ ಮನೆಮನೆ ತಿರುಗಿದ್ದು ಇದಕ್ಕೇನಾ? ಹತ್ತು ವರ್ಷಕ್ಕೆ ಗೊಬ್ಬರ ಹಾಕಿ ಅಂದೋಳು ಯಾರು?"

ನಾನು. ನಾನೇ ಅಂದದ್ದು. ಅಜ್ಜಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ಮೂವತ್ಮೂರು ವರ್ಷದಲ್ಲಿ ಆ ಬಾಗಿಲು ನನ್ನೆದುರು ಮುಚ್ಚಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಅತ್ತೆ.

ಜೂನ್ 19, ಬುಧವಾರ

ಇವರಿಗೆ ಹೇಳಲು ಬಾಯಿ ತೆರೆದೆ. ಕೈ ಅಡ್ಡ ಹಿಡಿದರು.

"ನನಗೆ ಹೇಳಬೇಡ. ನಾನು ಅಧ್ಯಕ್ಷ. ಕೇಳಿಸಿಕೊಂಡ್ರೆ ಬರ್ಕೋಬೇಕಾಗುತ್ತೆ."

"ಅಧ್ಯಕ್ಷರಿಗಲ್ಲರೀ ಹೇಳ್ತಿರೋದು."

ರೇಡಿಯೋದ ಬೇಸ್‌ಬಾಲ್ ದನಿ ತಗ್ಗಿಸಿದರು. "ನೀನು ಮೂರು ರಾತ್ರಿಯಿಂದ ಹಲ್ಲು ಕಡೀತಾ ಇದೀಯ. ಅದು ಗಂಡನಿಗೆ ಕೇಳಿಸಿದೆ" ಎಂದು, ಮತ್ತೆ ದನಿ ಏರಿಸಿದರು.

ಮಧ್ಯಾಹ್ನ ಸರ್‌ಗೆ ಪತ್ರ ಅಂಚೆಪೆಟ್ಟಿಗೆಗೆ ಹಾಕಿ ಬಂದೆ. "ಏಳರಲ್ಲಿ ನಾಲ್ಕು ಸತ್ತವು. ಮೂರು ಬದುಕಿದವು, ಮೂರೂ ಹೆಣ್ಣು. ನನ್ನ ವಾದ ಬಿದ್ದುಹೋಯಿತು." ಮೂರು ವಾಕ್ಯ. ಹಾಕಿದ ಮೇಲೆ ಎರಡು ಬಟ್ಟಲು ಅನ್ನ ತಿಂದೆ. ಎಷ್ಟೋ ದಿನವಾಗಿತ್ತು ಹಾಗೆ ತಿಂದು.

ಜೂನ್ 21, ಶುಕ್ರವಾರ

ತಲೆ ಮತ್ತೆ ಓಡುತ್ತಿದೆ. ಕರಿ ಗೊದ್ದದ ಪೆಟ್ಟಿಗೆಗಳಲ್ಲಿ ಹತ್ತಕ್ಕೆ ಒಂಬತ್ತು ಬದುಕಿವೆ, ಕೆಂಪೆದೆಯಲ್ಲಿ ಏಳಕ್ಕೆ ಮೂರು. ಅಂದರೆ ಎರಡು ದಾರಿ ಕವಲೊಡೆದಿದೆ, ಕವಲು ಪೂರ್ತಿ ಮುಗಿದಿಲ್ಲ. ನಾನು ಮುಗಿದ ಕಥೆ ಎಂದುಕೊಂಡಿದ್ದೆ. ಬೇರೆಯಾಗುತ್ತಿವೆಯೋ, ಬೇರೆಯಾಗಿದ್ದು ಮತ್ತೆ ಒಂದಾಗುತ್ತಿವೆಯೋ? ನನ್ನ ಕಣ್ಣೆದುರೇ ನಡೆಯುತ್ತಿದೆ. ತಪ್ಪಿದ್ದೇನೆ ನಿಜ. ಆದರೆ ಇಷ್ಟು ಒಳ್ಳೆಯ ತಪ್ಪು ಸಿಕ್ಕಬೇಕಾದರೂ ಹನ್ನೊಂದು ವರ್ಷ ಬೇಕು.

ತೋಟದ ಕಡೆ ಹೋಗಲು ಮಾತ್ರ ಕಾಲು ಬರಲಿಲ್ಲ.

ಜೂನ್ 23, ಭಾನುವಾರ, ಬೆಳಿಗ್ಗೆ 9.40, ಊರಸಭೆಯ ಮನೆ

ಕುರ್ಚಿ ಹಾಕುತ್ತಿದ್ದಾರೆ. ಕೈ ಸುಮ್ಮನಿರಲಿ ಎಂದು ಬರೆಯುತ್ತಿದ್ದೇನೆ.

ಆರಕ್ಕೆ ಶಿಮೋ ಅಜ್ಜಿ ನಮ್ಮ ಮನೆ ಬಾಗಿಲಲ್ಲಿದ್ದರು. ಬೂದು ಬಣ್ಣದ ರೇಷ್ಮೆ ಕಿಮೋನೊ, ಅವರೇ ಸಾಕಿದ ಹುಳದ್ದು, ಮದುವೆ ಮುಂಜಿಗೆ ಮಾತ್ರ ಹೊರಬರುವಂಥದ್ದು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ತೋರಿಸು."

ಪೆಟ್ಟಿಗೆ ಹೊರಗೆ ತಂದೆ. ಲೆನ್ಸ್ ಹಿಡಿಯುವುದು ಹೇಗೆಂದು ತೋರಿಸಿದೆ. ಬಹಳ ಹೊತ್ತು ನೋಡಿದರು.

"ಇದು ನಮ್ಮ ತೋಟದ್ದೇನಾ?"

"ಹೂಂ ಅಜ್ಜಿ."

"ಇವು ಬೇರೆ ಇರುವೆ."

"ಹೂಂ."

"ಹಾಗಾದ್ರೆ ನಮ್ಮ ಮರ ಹೋದ್ರೂ ಇವು ಗುಡ್ಡ ಹತ್ತಿ ಬದುಕ್ಕೋತವೆ."

"ಅನ್ಸುತ್ತೆ ಅಜ್ಜಿ. ಎಲ್ಲವೂ ಅಲ್ಲ. ಕೆಲವು ಬದುಕುತ್ತವೆ."

ಲೆನ್ಸ್ ನನ್ನ ಕೈಗಿಟ್ಟರು. "ಅವತ್ತಿಂದ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ. ನಿನ್ನೆ ತೋಟದಲ್ಲಿ ನಿಂತಾಗ ಗೊತ್ತಾಯ್ತು, ನನ್ನ ಮೇಲೇ ಸಿಟ್ಟು ಅಂತ. ಈ ಮರ ನನಗೆ ಬೇಕು ಅಂತ ನಾನು ಒಂದು ದಿನವೂ ಬಾಯಿ ಬಿಟ್ಟು ಕೇಳಲಿಲ್ಲ. ಎಂಬತ್ಮೂರರ ಮುದುಕಿ ಕೇಳಿದ್ರೆ ನಗ್ತಾರೆ ಅಂತ. ನಿನ್ನ ಹುಳದ ಕೈಲಿ ಕೇಳಿಸಿದೆ. ಹುಳಕ್ಕೆ ನನ್ನ ಮರ ಬೇಕೇಬೇಕು ಅಂತಿಲ್ಲ. ನನಗೆ ಬೇಕು."

ಬಸ್ ನಿಲ್ದಾಣದ ಪಕ್ಕದ ದಾರಿಯಲ್ಲಿ ಇಬ್ಬರೂ ನಡೆದು ಬಂದೆವು. ಪೆಟ್ಟಿಗೆಯನ್ನು ಅವರೇ ಹಿಡಿದುಕೊಂಡರು. ನಾನು ನಿಜ ಹೇಳಿದ ಮೇಲೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತು. ಹತ್ತೊಂಬತ್ತು ಮನೆ, ಹದಿಮೂರಕ್ಕೆ ಗೇಟ್‌ಬಾಲ್ ಬೇಕು.

ಶುರುವಾಯಿತು. ಮೊರೊಹಾಶಿ ಸರ್ ಅವರ ಪ್ರಮಾಣಪತ್ರವನ್ನು ಇವರು ಓದಿದರು, ಸಹಿ ಇಲ್ಲದ್ದು. ಆಮೇಲೆ ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದರು. "ಇಶಿಗುರೊ ಮಿತ್ಸುಯೊ ಅವರು ಏನಾಯಿತೆಂದು ಹೇಳಬೇಕು." ಮುಖದಲ್ಲಿ ಗೆರೆ ಅಲುಗಲಿಲ್ಲ, ಆದರೆ ಕಾಗದವನ್ನು ಎರಡು ಸಲ ಮಡಚಿದರು. ಕುರಾ ಹಿಂತಿರುಗಿ ನನ್ನನ್ನೇ ನೋಡುತ್ತಿದ್ದಾಳೆ. ನಾನಿನ್ನೂ ಕೂತೇ ಇದ್ದೇನೆ, ಶಿಮೋ ಅಜ್ಜಿ ಎದ್ದು ನಿಂತುಬಿಟ್ಟಿದ್ದಾರೆ.

"ಅಜ್ಜಿ, ಮೊದಲು ಟೀಚರ್..." ಎಂದರು ಇವರು.

"ಅವಳದು ಹುಳದ ವಿಷಯ, ಅವಳು ಹೇಳ್ತಾಳೆ. ನಂದು ನನ್ನ ವಿಷಯ. ಎರಡನ್ನೂ ಕೇಳ್ಕೊಳಿ."

ಕೂರುತ್ತಿಲ್ಲ. ನನ್ನ ಕಡೆ ಕೈ ಚಾಚಿದ್ದಾರೆ. ಪೆನ್ನು ಮುಚ್ಚಿ ಏಳುತ್ತೇನೆ, ಇಬ್ಬರೂ ಒಟ್ಟಿಗೇ ನಿಂತು ಹೇಳುತ್ತೇವೆ.